ಸಹಿಯ ಹೊಣೆ, ತಡೆಯುವ ಹಕ್ಕು

ತಂತ್ರಾಂಶ ಬರೆಯುವವರೂ ವೈದ್ಯರ ಹಾಗೆ, ವಕೀಲರ ಹಾಗೆ ಒಂದು ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಂಡೇ ಕೆಲಸ ಮಾಡಬೇಕು ಎಂಬ ಮಾತನ್ನು ನಾನು ಈ ವೃತ್ತಿಗೆ ಬಂದಾಗಿನಿಂದ ಕೇಳುತ್ತಲೇ ಇದ್ದೇನೆ. ಮೊದಲೆಲ್ಲ ಅದನ್ನು ಕೇಳಿದ ಕೂಡಲೇ ವಿರೋಧಿಸುತ್ತಿದ್ದೆ. ನನ್ನ ಪದವಿ ಭೌತಶಾಸ್ತ್ರದ್ದು, ಪ್ರೋಗ್ರಾಮಿಂಗ್ ಕಲಿತದ್ದು ಕೆಲಸ ಮಾಡುತ್ತಾ ಮಾಡುತ್ತಾ. ಅಂಥ ಕಾನೂನು ಬಂದರೆ ಬಾಗಿಲಾಚೆ ನಿಲ್ಲುವವರಲ್ಲಿ ನಾನೇ ಮೊದಲಿಗನಾಗುತ್ತೇನೆ ಎಂಬ ಭಯವೂ ಆ ವಿರೋಧದಲ್ಲಿ ಸೇರಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಆ ನಿಲುವು ಸಡಿಲವಾದದ್ದು ಒಂದು ಘಟನೆಯಿಂದ. ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡ ಬಾಯ್ಲರ್‌ನ ಒತ್ತಡವನ್ನು ಗಮನಿಸಿ ಎಚ್ಚರಿಕೆ ಕೊಡುವ ತಂತ್ರಾಂಶವೊಂದನ್ನು ಸಿದ್ಧಪಡಿಸುತ್ತಿತ್ತು. ಒಪ್ಪಿಸಬೇಕಾದ ದಿನ ಹತ್ತಿರ ಬಂದಿದ್ದರೂ, ಸೆನ್ಸರ್ ಕೆಟ್ಟುಹೋದಾಗ ತಂತ್ರಾಂಶ ಹೇಗೆ ನಡೆದುಕೊಳ್ಳುತ್ತದೆ ಎಂಬ ಪರೀಕ್ಷೆ ಮುಗಿದಿರಲಿಲ್ಲ. ಅದೇ ಯೋಜನೆಯಲ್ಲಿ ಕೊಳವೆ, ವಾಲ್ವುಗಳ ವಿನ್ಯಾಸ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕಲ್ ಎಂಜಿನಿಯರ್ ನೋಂದಾಯಿತರಾಗಿದ್ದರು. ನಕ್ಷೆಯ ಒಂದು ಲೆಕ್ಕ ಸರಿಹೋಗುವ ತನಕ ತಾವು ಮೊಹರು ಒತ್ತುವುದಿಲ್ಲ ಎಂದು ಅವರು ಹೇಳಿದಾಗ ಮೇಲಿನವರು ಗೊಣಗುತ್ತಲೇ ಒಂದು ವಾರ ಕಾದರು. ನಾನು ಅದೇ ಮಾತನ್ನು ಹೇಳಿದಾಗ ಅನುಮೋದನೆಯ ಫಾರಂ ನನ್ನ ಮೇಜಿನಿಂದ ಇನ್ನೊಬ್ಬರ ಮೇಜಿಗೆ ಹೋಯಿತು, ಸಂಜೆಯೊಳಗೆ ಸಹಿಯೂ ಬಿತ್ತು. ಅದೃಷ್ಟಕ್ಕೆ ಮುಂದೆ ಏನೂ ಆಗಲಿಲ್ಲ. ಆದರೆ ಅವರು ‘ಆಗದು’ ಎಂದಾಗ ಬೆನ್ನಿಗೆ ಕಾನೂನು ನಿಂತಿತ್ತು, ನಾನು ಅಂದಾಗ ನನ್ನ ಹಠವೊಂದೇ ಇತ್ತು ಎಂಬುದನ್ನು ಮರೆಯಲಾಗಲಿಲ್ಲ.

ನೋಂದಣಿಯ ಚರಿತ್ರೆಯನ್ನು ಓದಿದಾಗಲೂ ನನಗೆ ಎದ್ದು ಕಂಡದ್ದು ಇದೇ. ಎಂಜಿನಿಯರುಗಳಿಗೆ ಪರವಾನಗಿ ಬೇಕೆಂಬ ಕಾನೂನನ್ನು ಅಮೆರಿಕದಲ್ಲಿ ಮೊದಲು ತಂದದ್ದು ವಯೋಮಿಂಗ್ ರಾಜ್ಯ, 1907ರಲ್ಲಿ. ಅದರ ಹಿಂದಿದ್ದ ಕಾರಣ ದುರಂತವಲ್ಲ, ನೀರಾವರಿ ಹಕ್ಕಿನ ಅರ್ಜಿಗಳ ಜೊತೆ ಅಳತೆಯ ಗಂಧವೂ ಇಲ್ಲದವರು ಬರೆದು ಕೊಡುತ್ತಿದ್ದ ನಕ್ಷೆಗಳು. ಅದೇ ವರ್ಷದ ಆಗಸ್ಟ್ 29ರಂದು ಕೆನಡಾದಲ್ಲಿ, ಇನ್ನೂ ಕಟ್ಟುತ್ತಿದ್ದ ಕ್ವಿಬೆಕ್ ಸೇತುವೆ ಕುಸಿದು 75 ಕೆಲಸಗಾರರು ಸತ್ತರು. ಅದರ ಹೊಣೆ ಹೊತ್ತ ಸಲಹಾ ಎಂಜಿನಿಯರ್ ಥಿಯೊಡೋರ್ ಕೂಪರ್ ಆ ಕಾಲದ ಹೆಸರಾಂತ ಸೇತುವೆ ತಜ್ಞರು. ಯಾವ ಮಂಡಳಿಯೂ ಅವರಿಗೆ ನೋಂದಣಿ ನಿರಾಕರಿಸುತ್ತಿರಲಿಲ್ಲ. ಉಕ್ಕಿನ ಭಾಗಗಳು ಬಾಗುತ್ತಿರುವುದನ್ನು ಸ್ಥಳದಲ್ಲಿದ್ದವರು ದಿನಗಳ ಮೊದಲೇ ಗಮನಿಸಿದ್ದರು, ಆದರೆ ಕೆಲಸ ನಿಲ್ಲಿಸಿ ಎಂದು ಹೇಳುವ ಅಧಿಕಾರವುಳ್ಳವರು ಅಲ್ಲಿರಲಿಲ್ಲ. ವಿಷಯವನ್ನು ತಿಳಿಸಲು ಪರಿವೀಕ್ಷಕರೊಬ್ಬರು ಕೂಪರ್ ಇದ್ದ ನ್ಯೂಯಾರ್ಕಿಗೇ ಹೋಗಬೇಕಾಯಿತು. ಭಾರ ಹೇರಬೇಡಿ ಎಂದು ಕೂಪರ್ ಸೇತುವೆ ಕಟ್ಟುತ್ತಿದ್ದ ಕಂಪನಿಯ ಕಚೇರಿಗೆ ತಂತಿ ಕಳಿಸಿದರು, ಆ ಮಾತು ಕೆಲಸದ ಜಾಗಕ್ಕೆ ಮುಟ್ಟುವ ಮೊದಲೇ ಸೇತುವೆ ನದಿಯಲ್ಲಿತ್ತು. ಅಲ್ಲಿ ಇಲ್ಲದೆ ಹೋದದ್ದು ಜ್ಞಾನ ಮಾತ್ರವಲ್ಲ, ತಡೆಯುವ ಹಕ್ಕು ಕೂಡ.

ನೋಂದಣಿ ನ್ಯಾಯವೋ ಅನ್ಯಾಯವೋ ಎಂಬುದನ್ನು ನಾನು ಈ ಹಕ್ಕಿನಿಂದಲೇ ಅಳೆಯುತ್ತೇನೆ. ಹೊಣೆಯ ಜೊತೆಗೆ ತಡೆಯುವ ಹಕ್ಕನ್ನೂ ಕೊಡುವ ನೋಂದಣಿ ನ್ಯಾಯವಾದದ್ದು. ಹೊಣೆಯನ್ನಷ್ಟೇ ಹೊರಿಸಿ, ತೀರ್ಮಾನವನ್ನು ಹಿಂದಿನಂತೆ ಮೇಲಿನವರ ಕೈಯಲ್ಲೇ ಬಿಡುವ ನೋಂದಣಿ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ‘ಕಡ್ಡಾಯ’ ಎಂಬ ಪದವೂ ಕಾನೂನಿನಲ್ಲಿ ಎಲ್ಲರಿಗೂ ಒಂದೇ ಆಗಿ ಅನ್ವಯಿಸುವುದಿಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ತಯಾರಿಕಾ ಕಂಪನಿಗಳ ನೌಕರರಾಗಿರುವ ಎಂಜಿನಿಯರುಗಳಿಗೆ ಪರವಾನಗಿಯಿಂದ ವಿನಾಯಿತಿಯಿದೆ. ಒಂದೇ ಸೆನ್ಸರ್‌ನ ಮಾತು ನಂಬಿ ವಿಮಾನದ ಮೂತಿಯನ್ನು ಕೆಳಕ್ಕೆ ತಳ್ಳಿದ ಬೋಯಿಂಗ್ 737 ಮ್ಯಾಕ್ಸ್‌ನ ತಂತ್ರಾಂಶದಿಂದಾಗಿ 2018 ಮತ್ತು 2019ರ ಎರಡು ಅಪಘಾತಗಳಲ್ಲಿ 346 ಜನ ಸತ್ತರು. ಅಂಥ ವಿಮಾನವನ್ನು ರೂಪಿಸುವ ಉದ್ಯಮವೂ ಆ ವಿನಾಯಿತಿಯ ನೆರಳಿನಲ್ಲೇ ಇದೆ.

ಅದೇ ಕಾನೂನು ಒಬ್ಬಂಟಿಗರ ಮೇಲೆ ಎಷ್ಟು ಬಿಗಿಯಾಗಿ ಬೀಳುತ್ತದೆ ಎಂಬುದಕ್ಕೆ ಆರೆಗನ್ ರಾಜ್ಯದ ಮ್ಯಾಟ್ಸ್ ಯಾರ್ಲ್‌ಸ್ಟ್ರಮ್ ಅವರ ಪ್ರಕರಣವಿದೆ. ಸ್ವೀಡನ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತಿದ್ದ ಅವರು ಸಿಗ್ನಲ್‌ನ ಹಳದಿ ದೀಪ ಎಷ್ಟು ಹೊತ್ತು ಉರಿಯಬೇಕೆಂಬ ಸೂತ್ರ, ತಿರುವು ತೆಗೆದುಕೊಳ್ಳುವ ವಾಹನಗಳನ್ನು ಲೆಕ್ಕಕ್ಕೆ ಹಿಡಿದಿಲ್ಲವೆಂದು ತೋರಿಸಿದರು. ರಾಜ್ಯದ ಮಂಡಳಿ ಅವರ ಲೆಕ್ಕ ತಪ್ಪೆಂದು ಹೇಳಲಿಲ್ಲ. ಪರವಾನಗಿಯಿಲ್ಲದೆ ಎಂಜಿನಿಯರಿಂಗ್ ಮಾಡಿದರೆಂದೂ, ತಮ್ಮನ್ನು ಎಂಜಿನಿಯರ್ ಎಂದು ಕರೆದುಕೊಂಡರೆಂದೂ 500 ಡಾಲರ್ ದಂಡ ಹಾಕಿತು. 2018ರ ಡಿಸೆಂಬರಿನಲ್ಲಿ ಫೆಡರಲ್ ನ್ಯಾಯಾಲಯ ಅವರ ಪರವಾಗಿ ನಿಂತಿತು. ಬಿರುದು ಕಾಯುವುದನ್ನೇ ಸುರಕ್ಷೆ ಕಾಯುವುದೆಂದು ತಿಳಿದುಕೊಂಡ ಮಂಡಳಿಯ ಗತಿ ಇದು. ಕೆನಡಾದ ಆಲ್ಬರ್ಟಾ ಪ್ರಾಂತ್ಯವೂ ‘ಸಾಫ್ಟ್‌ವೇರ್ ಎಂಜಿನಿಯರ್’ ಎಂಬ ಹೆಸರಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದ ಜಗಳವನ್ನು ಕಂಡು, 2023ರಲ್ಲಿ ಕಾನೂನನ್ನೇ ತಿದ್ದಿ ಆ ಹೆಸರನ್ನು ಬಿಡುಗಡೆ ಮಾಡಿತು.

ಕಂಪ್ಯೂಟರ್ ಕ್ಷೇತ್ರದಲ್ಲಿ ಪ್ರಯತ್ನವೇ ಆಗಿಲ್ಲವೆಂದಲ್ಲ. ಟೆಕ್ಸಾಸ್ 1998ರಲ್ಲಿ ತಂತ್ರಾಂಶ ಎಂಜಿನಿಯರಿಂಗನ್ನು ಪರವಾನಗಿಯ ವ್ಯಾಪ್ತಿಗೆ ತಂದಿತು, ಮರುವರ್ಷವೇ ಅಸೋಸಿಯೇಷನ್ ಫಾರ್ ಕಂಪ್ಯೂಟಿಂಗ್ ಮಷಿನರಿ ಎಂಬ ಕಂಪ್ಯೂಟರ್ ತಜ್ಞರ ಸಂಘ ಇಂಥ ಪರವಾನಗಿಗೆ ಕಾಲ ಪಕ್ವವಾಗಿಲ್ಲವೆಂದು ವಿರೋಧಿಸಿತು. 2013ರಲ್ಲಿ ಅಮೆರಿಕದಲ್ಲಿ ಈ ವಿಷಯದ ಪರವಾನಗಿ ಪರೀಕ್ಷೆ ಆರಂಭವಾಗಿ 2019ರಲ್ಲಿ ನಿಂತುಹೋಯಿತು. ಅಷ್ಟು ವರ್ಷಗಳಲ್ಲಿ ಪರೀಕ್ಷೆ ಬರೆದವರು ಒಟ್ಟು 81 ಮಂದಿ. ಉಕ್ಕಿನ ಗುಣ ಬದಲಾಗುವುದಿಲ್ಲ, ನಮ್ಮ ಉಪಕರಣಗಳು ಐದು ವರ್ಷಕ್ಕೊಮ್ಮೆ ಬದಲಾಗುತ್ತವೆ, ಆದ್ದರಿಂದ ಏನನ್ನೆಂದು ಪರೀಕ್ಷಿಸುವುದು ಎಂದು ನಮ್ಮವರು ಕೇಳುತ್ತಾರೆ. ಇದರಲ್ಲಿ ಅರ್ಧ ನಿಜ, ಇನ್ನರ್ಧ ನೆಪ. ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರ 1985ರಿಂದ 1987ರ ನಡುವೆ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಹಾಯಿಸಿತು. ಅದರ ಹಿಂದಿನ ಮಾದರಿಗಳಲ್ಲಿ ಯಂತ್ರಭಾಗಗಳೇ ಒದಗಿಸುತ್ತಿದ್ದ ರಕ್ಷಣೆಯನ್ನು ತೆಗೆದು, ಒಬ್ಬರೇ ಬರೆದ ತಂತ್ರಾಂಶದ ಮೇಲೆ ಎಲ್ಲ ಭಾರ ಹಾಕಲಾಗಿತ್ತು. ಪ್ರಾಣಕ್ಕೆ ಸಂಬಂಧಿಸಿದ ಕಡೆ ರಕ್ಷಣೆ ಒಂದೇ ಎಳೆಯ ಮೇಲೆ ನಿಲ್ಲಬಾರದು ಎಂಬ ಪಾಠ ಆಗಲೂ ಹಳೆಯದೇ, ಈಗಲೂ ಬದಲಾಗಿಲ್ಲ, ಇಂಥದ್ದನ್ನು ಖಂಡಿತವಾಗಿ ಪರೀಕ್ಷಿಸಬಹುದು.

ಆದರೆ ಕೋಡ್ ಬರೆಯುವ ಪ್ರತಿಯೊಬ್ಬರನ್ನೂ ನೋಂದಣಿಗೆ ಎಳೆಯುವುದನ್ನು ನಾನು ಇಂದಿಗೂ ಒಪ್ಪಲಾರೆ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಮುಕ್ತ ತಂತ್ರಾಂಶದಲ್ಲಿ ದೊಡ್ಡ ಲೋಪ ಪತ್ತೆಯಾದಾಗ ಲೋಕದ ದೊಡ್ಡ ಕಂಪನಿಗಳೆಲ್ಲ ನಡುಗಿದವು; ಅದನ್ನು ನೋಡಿಕೊಳ್ಳುತ್ತಿದ್ದವರು ಬಿಡುವಿನ ಹೊತ್ತಿನಲ್ಲಿ ದುಡಿಯುತ್ತಿದ್ದ ಬೆರಳೆಣಿಕೆಯ ಸ್ವಯಂಸೇವಕರು. ಅವರಿಂದ ಶುಲ್ಕ ಕೇಳಿ, ಪದವಿಯ ಪ್ರಮಾಣಪತ್ರ ಕೇಳಿ, ವಿಮೆ ಮಾಡಿಸಿ ಎಂದರೆ ಅವರು ಆ ಕೆಲಸವನ್ನೇ ಬಿಟ್ಟುಬಿಡುತ್ತಾರೆ. ಅದನ್ನು ಬಿಟ್ಟಿಯಾಗಿ ತೆಗೆದುಕೊಂಡು ತನ್ನ ಉತ್ಪನ್ನದಲ್ಲಿ ಸೇರಿಸಿ ಮಾರಿದ ಕಂಪನಿಯ ಕಡೆಯಿಂದ, ಇದನ್ನು ಬಳಸಲು ನಾನು ಒಪ್ಪಿದೆ ಎಂದು ಸಹಿ ಹಾಕುವವರೊಬ್ಬರು ಇರಲೇಬೇಕು ಎಂದರೆ ಅದು ಬೇರೆ ಮಾತು.

ಹಾಗಾಗಿ ನನಗೆ ಒಪ್ಪಿಗೆಯಾಗುವ ನೋಂದಣಿ ಕೆಲಸಕ್ಕೆ ಕಟ್ಟಿದ್ದೇ ಹೊರತು ಹೆಸರಿಗೆ ಕಟ್ಟಿದ್ದಲ್ಲ. ಪ್ರಾಣ ಹೋಗಬಹುದಾದ ವ್ಯವಸ್ಥೆಗಳಲ್ಲಿ ಕೊನೆಯ ಅನುಮೋದನೆ ಕೊಡುವವರು ನೋಂದಾಯಿತರಾಗಿರಲಿ, ಅಲ್ಲಿಗೆ ಬರುವ ದಾರಿ ಪದವಿಯೊಂದೇ ಆಗದೆ ಅನುಭವ ಮತ್ತು ಪರೀಕ್ಷೆಯಿಂದಲೂ ತೆರೆದಿರಲಿ, ಶುಲ್ಕವನ್ನು ಸಂಸ್ಥೆ ಕಟ್ಟಲಿ. ಒಬ್ಬರು ನಿರಾಕರಿಸಿದ ಫಾರಂ ಇನ್ನೊಬ್ಬರ ಮೇಜಿಗೆ ಹೋಗುವ ಮೊದಲು ಆ ನಿರಾಕರಣೆಯ ಕಾರಣ ಮಂಡಳಿಯಲ್ಲಿ ದಾಖಲಾಗಬೇಕೆಂಬ ನಿಯಮವಿದ್ದರೆ, ನನ್ನ ಬಾಯ್ಲರ್‌ನ ಕಥೆ ಸಂಜೆಯೊಳಗೆ ಮುಗಿಯುತ್ತಿರಲಿಲ್ಲ.

ಇಷ್ಟಾದರೂ ಒಂದು ತೊಡಕು ಬಿಡಿಸಲಾಗದೆ ಉಳಿಯುತ್ತದೆ. ಸೇತುವೆಯ ನಕ್ಷೆಯನ್ನು ಒಬ್ಬರು ಕುಳಿತು ಪರಿಶೀಲಿಸಬಹುದು; ನೂರು ಜನ ಬರೆದ, ಸಾವಿರಾರು ಹೊರಗಿನ ತುಣುಕುಗಳು ಸೇರಿದ, ಲಕ್ಷಗಟ್ಟಲೆ ಸಾಲುಗಳ ತಂತ್ರಾಂಶವನ್ನು ಯಾರೂ ಪೂರ್ತಿ ಓದಲಾರರು. ಓದದ್ದಕ್ಕೆ ಸಹಿ ಹಾಕಿಸುವುದೂ ಅನ್ಯಾಯವೇ. ಸಹಿ ಕೋಡ್‌ಗೆ ಬೀಳದೆ, ಇದು ಯಾವ ಯಾವ ರೀತಿಯಲ್ಲಿ ಕೆಡಬಹುದು, ಕೆಟ್ಟಾಗ ಏನಾಗುತ್ತದೆ, ಅದನ್ನು ನಿಜವಾಗಿ ಪರೀಕ್ಷಿಸಿ ನೋಡಿದ್ದೇವೆಯೇ ಎಂಬ ಪತ್ರಕ್ಕೆ ಬೀಳಲಿ ಎಂಬುದು ಸದ್ಯಕ್ಕೆ ನನ್ನ ಉತ್ತರ. ಆ ದಿನ ನನ್ನ ಮೇಜಿನ ಮೇಲಿದ್ದ ಫಾರಂನಲ್ಲಿ ‘ಪರೀಕ್ಷೆ ಪೂರ್ಣಗೊಂಡಿದೆ’ ಎಂಬ ಒಂದು ಸಾಲು ಮಾತ್ರ ಇತ್ತು, ಅದರ ಪಕ್ಕದಲ್ಲಿ ಟಿಕ್ ಹಾಕಲು ಒಂದು ಚೌಕ.