ಬಾನೆಟ್ ಮೇಲಿನ ಸಾಸಿವೆಕಾಳುಗಳು

ಮುಂದೆ ಹೋಗುವ ಲಾರಿಗಳ ಚಕ್ರದಿಂದ ಸಿಡಿದ ಕಲ್ಲುಗಳು ನಮ್ಮ ಕಾರಿನ ಬಾನೆಟ್ ಮೇಲೆ ಅಲ್ಲಲ್ಲಿ ಸಾಸಿವೆಕಾಳಿನಷ್ಟಗಲ ಬಣ್ಣ ಎಬ್ಬಿಸಿದ್ದವು. ಬಹಳ ದಿನ ನೋಡಿಯೂ ನೋಡದ ಹಾಗಿದ್ದೆ. ಒಂದು ಚುಕ್ಕಿಯ ನಡುವೆ ಕಂದು ಬಣ್ಣ ಇಣುಕಿದ ಮೇಲೆ ಸುಮ್ಮನಿರಲಾಗಲಿಲ್ಲ. ತಗಡಿನ ಮೇಲಿರುವ ಪ್ರೈಮರ್ (ಬಣ್ಣದ ಅಡಿಯ ಪದರ), ಬಣ್ಣ, ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಎಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಕಾಲು ಮಿಲಿಮೀಟರ್ ಕೂಡ ಇಲ್ಲ. ಅದು ಒಮ್ಮೆ ಒಡೆದರೆ ತುಕ್ಕು ಅಲ್ಲಿಗೇ ನಿಲ್ಲದೆ ಅಕ್ಕಪಕ್ಕದ ಬಣ್ಣದ ಅಡಿಗೂ ನುಗ್ಗುತ್ತದೆ.

ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಕಾರಿನ ಬಣ್ಣವನ್ನು ಗುರುತಿಸುವ ಪೇಂಟ್ ಕೋಡ್ ಸಿಕ್ಕಿತು. ಅದೇ ಕೋಡಿನ ಟಚ್‌ಅಪ್ ಬಾಟಲಿ, ಅಂದರೆ ಇಂಥ ಚುಕ್ಕಿ ತಿದ್ದುವ ಬಣ್ಣ, ತರಿಸಿದೆ. ಆದರೂ ನೇರವಾಗಿ ಕಾರಿಗೆ ಹಚ್ಚಲು ಧೈರ್ಯ ಬರಲಿಲ್ಲ. ಕೋಡ್ ಒಂದೇ ಆದರೂ ಕಾರಿನ ಬಣ್ಣ ವರ್ಷಗಟ್ಟಲೆ ಬಿಸಿಲು ತಿಂದಿರುತ್ತದೆ, ಬಾಟಲಿಯದ್ದು ತಿಂದಿರುವುದಿಲ್ಲ. ಹಾಗಾಗಿ ಬಾಟಲಿಯನ್ನು ಚೆನ್ನಾಗಿ ಕುಲುಕಿ, ಒಂದು ರಟ್ಟಿನ ತುಂಡಿಗೆ ಬಳಿದು, ಒಣಗಿದ ಮೇಲೆ ಅರ್ಧಕ್ಕೆ ಮಾತ್ರ ಕ್ಲಿಯರ್ ಕೋಟ್ ಹಚ್ಚಿ ಬಾನೆಟ್ ಪಕ್ಕ ಹಿಡಿದೆ. ಕ್ಲಿಯರ್ ಬಿದ್ದ ಅರ್ಧ ಗಾಢವಾಗಿ ಕಾಣುತ್ತಿತ್ತು. ಹೋಲಿಸಬೇಕಾದದ್ದು ಆ ಅರ್ಧವನ್ನೇ.

ನಮ್ಮದು ಸಿಲ್ವರ್ ಮೆಟಾಲಿಕ್. ಮನೆಯಲ್ಲಿ ತಿದ್ದುವವರಿಗೆ ಇದಕ್ಕಿಂತ ಮೊಂಡು ಬಣ್ಣ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ನೇರವಾಗಿ ನೋಡಿದರೆ ರಟ್ಟೂ ಬಾನೆಟ್ಟೂ ಒಂದೇ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ರಟ್ಟು ಕಪ್ಪಿಟ್ಟಂತೆ. ಇದು ಬಾಟಲಿಯ ತಪ್ಪಲ್ಲ. ಈ ಬಣ್ಣದೊಳಗೆ ಅಲ್ಯೂಮಿನಿಯಂನ ಸಣ್ಣ ಸಣ್ಣ ಚಕ್ಕೆಗಳಿರುತ್ತವೆ. ಸ್ಪ್ರೇ ಮಾಡಿದಾಗ ಅವು ಬಹುಮಟ್ಟಿಗೆ ಚಪ್ಪಟೆಯಾಗಿ ಮಲಗುತ್ತವೆ, ಬ್ರಷ್‌ನಲ್ಲಿ ಹಚ್ಚಿದಾಗ ದಿಕ್ಕಿಗೊಂದರಂತೆ ಬೀಳುತ್ತವೆ. ಬೆಳಕು ಹಿಂದಿರುಗುವ ರೀತಿಯೇ ಬೇರೆಯಾಗುತ್ತದೆ. ನಾನು ರಟ್ಟು ಹಿಡಿದು ಕಾರಿನ ಸುತ್ತ ಬಗ್ಗಿ ಏಳುವುದನ್ನು ನೋಡಿದ ಹೆಂಡತಿ, "ಯಾವ ಕಡೆಯಿಂದ ನೋಡಬೇಕು ಅಂತ ಒಂದು ಬೋರ್ಡ್ ತಗುಲಿಸಿಬಿಡಿ" ಎಂದಳು.

ಉಳಿದದ್ದು ತಾಳ್ಮೆಯ ಕೆಲಸ. ತೊಳೆದು ಒಣಗಿಸಿ, ವ್ಯಾಕ್ಸಿನ ಜಿಡ್ಡು ಹೋಗಲು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದೆ. ಸ್ಯಾಂಡ್‌ಪೇಪರ್ ಮಡಿಚಿ ಅದರ ಮೂಲೆಯಿಂದ ಕಂದು ಚುಕ್ಕಿಯನ್ನು ತಗಡು ಹೊಳೆಯುವ ತನಕ ಕೆರೆದೆ. ತಗಡು ಕಂಡ ಕಡೆ ಮಾತ್ರ ಪ್ರೈಮರ್. ಬಾಟಲಿಯ ಮುಚ್ಚಳಕ್ಕೆ ಅಂಟಿಕೊಂಡು ಬರುವ ದಪ್ಪ ಬ್ರಷ್ ಇಂಥ ಚುಕ್ಕಿಗೆ ದಂಡ. ಟೂತ್‌ಪಿಕ್ ತುದಿಯೇ ಸಾಕು. ನೆರಳಿನಲ್ಲಿ ಒಂದು ಹನಿ ಇಟ್ಟು, ಒಣಗಲು ಬಿಟ್ಟು, ಮತ್ತೊಂದು ಹನಿ. ದ್ರಾವಕ ಆರಿದಂತೆ ಬಣ್ಣ ಕುಗ್ಗುವುದರಿಂದ ಒಂದೇ ಸಲಕ್ಕೆ ಗುಂಡಿ ತುಂಬುವುದಿಲ್ಲ. ಕೊನೆಗೆ ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆ ಎತ್ತರಕ್ಕೆ ಕ್ಲಿಯರ್ ಕೋಟ್.

ಚೆನ್ನಾಗಿ ಗಟ್ಟಿಯಾದ ಮೇಲೆ 2000 ನಂಬರಿನ ಸ್ಯಾಂಡ್‌ಪೇಪರನ್ನು ನೀರಲ್ಲಿ ನೆನೆಸಿ ಉಜ್ಜಿ, ಪಾಲಿಶ್ ಹಾಕಿ ಸಮ ಮಾಡಬಹುದು. ಎದ್ದು ಕಾಣುತ್ತಿದ್ದ ಒಂದೆರಡು ಉಬ್ಬನ್ನು ಹಾಗೆ ಮಾಡಿದೆ, ಉಳಿದವನ್ನು ಬಿಟ್ಟೆ. ಉಬ್ಬಿನ ಜೊತೆಗೆ ಸುತ್ತಲಿನ ಒಳ್ಳೆಯ ಕ್ಲಿಯರ್ ಕೋಟೂ ಸವೆಯುತ್ತದಲ್ಲ! ಬಂಪರ್ ಮೇಲೂ ಚುಕ್ಕಿಗಳಿವೆ. ಪ್ಲಾಸ್ಟಿಕ್ಕಿಗೆ ತುಕ್ಕಿನ ಭಯವಿಲ್ಲವಾದ್ದರಿಂದ ಅವುಗಳ ಸರದಿ ಇನ್ನೂ ಬಂದಿಲ್ಲ.