‘ಬಚ್ಚಲಲ್ಲಿ ಜಾರಿ ಬಿದ್ದೆ’ ಅನ್ನಬೇಡಿ

ನಮ್ಮಕ್ಕ ಒಂದೇ ದಿನಕ್ಕೆ ಗಂಡನ ಮನೆ ಬಿಟ್ಟು ಬಂದವಳಲ್ಲ. ನೋಡಿದವರಿಗೆ ಹಾಗೆ ಕಂಡಿತು, ಅಷ್ಟೇ. ಅದಕ್ಕೂ ಮುಂಚೆ ತಿಂಗಳುಗಟ್ಟಲೆ ತಯಾರಿ ನಡೆದಿತ್ತು. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಆಧಾರ್, ರೇಷನ್ ಕಾರ್ಡ್, ಮಕ್ಕಳ ಜನನ ಪ್ರಮಾಣಪತ್ರ, ಎಲ್ಲದರ ಜೆರಾಕ್ಸ್ ಒಂದೊಂದಾಗಿ ನನ್ನ ಬೀರು ಸೇರಿತು. ಗೃಹಲಕ್ಷ್ಮಿಯ 2000 ರೂಪಾಯಿ ಅವಳ ಖಾತೆಗೇ ಬರುತ್ತಿತ್ತು. ಆದರೆ ಬ್ಯಾಂಕಿನ ಮೆಸೇಜ್ ಭಾವನ ಫೋನಿಗೆ, ಎಟಿಎಂ ಕಾರ್ಡು ಅವರ ಜೇಬಿಗೆ. ಹೆಸರಿಗೆ ಮನೆ ಯಜಮಾನಿ! ಬಸ್ಸೇನೋ ಫ್ರೀ. ಆದರೆ ಶೂನ್ಯ ಟಿಕೆಟ್‌ನಲ್ಲೂ ಎಲ್ಲಿಂದ ಎಲ್ಲಿಗೆ ಅಂತ ಇರುತ್ತದೆ ಅಲ್ವಾ? ಇಳಿದ ಕೂಡಲೇ ಹರಿದು ಎಸೆಯುತ್ತಿದ್ದಳು. ಮಹಿಳಾ ಸಹಾಯವಾಣಿ 181ಕ್ಕೆ ಮಾತಾಡಿದ್ದೂ ನನ್ನ ಫೋನಿನಿಂದಲೇ. ಅವಳ ಫೋನನ್ನು ಭಾವ ರಾತ್ರಿ ತೆಗೆದು ನೋಡುತ್ತಿದ್ದರು.

ಆಸ್ಪತ್ರೆಗೆ ಹೋದಾಗಲೆಲ್ಲ ‘ಬಚ್ಚಲಲ್ಲಿ ಜಾರಿ ಬಿದ್ದೆ’ ಅನ್ನುತ್ತಿದ್ದಳು. ಕೊನೆಯ ಸಲ ಮಾತ್ರ ನಿಜ ಹೇಳಿದಳು. ಡಾಕ್ಟರು ‘ಗಂಡ ಹೊಡೆದದ್ದು’ ಎಂದೇ ಬರೆದರು. ಮುಂದೆ ಕೋರ್ಟಿನಲ್ಲಿ ನಮ್ಮ ಮಾತಿಗಿಂತ ಆ ಒಂದು ಸಾಲೇ ಜಾಸ್ತಿ ಕೆಲಸ ಮಾಡಿತು.

ಠಾಣೆಯಲ್ಲಿ ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಅಂತ ಹೇಳಿ ಕಳಿಸಿದರು. ಗಾದೆ ಕೇಳೋದಕ್ಕೆ ಅಷ್ಟು ದೂರ ಹೋಗಬೇಕಿತ್ತಾ? ಮನೆಯಲ್ಲೇ ಚಿಕ್ಕಮ್ಮಂದಿರಿದ್ದರು.

ದಾರಿ ತೋರಿಸಿದ್ದು ಅಂಗನವಾಡಿ ಟೀಚರ್. ನಮ್ಮ ರಾಜ್ಯದಲ್ಲಿ ಸಿಡಿಪಿಓ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅವರೇ ಸಂರಕ್ಷಣಾಧಿಕಾರಿ; ಮನೆಯಲ್ಲಿ ಹಿಂಸೆ ಅನುಭವಿಸುವ ಹೆಂಗಸರ ದೂರು ಕೇಳಬೇಕಾದವರು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2005ರದ್ದು, ಆದರೂ ಆ ಕಚೇರಿ ಇರೋದು ಅಂಗನವಾಡಿ ಮೊಟ್ಟೆಯ ಲೆಕ್ಕಕ್ಕೆ ಮಾತ್ರ ಅಂತ ಊರಲ್ಲಿ ಎಲ್ಲರೂ ಅಂದುಕೊಂಡಿದ್ದರು. ಎಫ್‌ಐಆರ್ ಆಗಿರಲೇಬೇಕು ಅಂತಿಲ್ಲ. ನಡೆದದ್ದನ್ನೆಲ್ಲ ಕೇಳಿ, ಬರೆದುಕೊಂಡು, ವರದಿಯನ್ನು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಗಂಡನ ಊರಿನಲ್ಲೇ ಕೇಸು ಹಾಕಬೇಕಾಗಿಯೂ ಇಲ್ಲ, ಅವಳು ಸದ್ಯಕ್ಕೆ ಎಲ್ಲಿದ್ದಾಳೋ ಅಲ್ಲೇ ಸಾಕು. ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತ. ಹೆಂಗಸರಿಗೆ ಆದಾಯದ ಲೆಕ್ಕ ಕೇಳೋದಿಲ್ಲ. ಕಾನೂನು ಸೇವೆಯ ಸಹಾಯವಾಣಿ 15100. ತವರಿಗೆ ಹೋಗುವ ಹಾಗಿಲ್ಲದವರಿಗೆ ಸಖಿ ಕೇಂದ್ರದಲ್ಲಿ, ಅಂದರೆ ಹಿಂಸೆಗೊಳಗಾದ ಹೆಂಗಸರಿಗಾಗಿ ಸರ್ಕಾರ ನಡೆಸುವ ನೆರವು ಕೇಂದ್ರದಲ್ಲಿ, ಕೆಲವು ದಿನ ಉಳಿಯಲು ಜಾಗ ಸಿಗುತ್ತದೆ. ಈಗಲೇ ಏಟು ಬೀಳುತ್ತಿದ್ದರೆ ಇದ್ಯಾವುದನ್ನೂ ಕಾಯಬೇಡಿ, 112ಕ್ಕೆ ಫೋನ್ ಮಾಡಿ.

ಮನೆ ಗಂಡನ ಹೆಸರಲ್ಲಿದ್ದರೂ ಅಲ್ಲೇ ಇರುವ ಹಕ್ಕು ಅವಳಿಗಿತ್ತು. ಅಕ್ಕನಿಗೆ ಅದು ಬೇಡವಾಗಿತ್ತು. ರಕ್ಷಣೆ ಮತ್ತು ಜೀವನಾಂಶ ಮಾತ್ರ ಕೇಳಿದಳು. 60 ದಿನದಲ್ಲಿ ಮುಗಿಸಲು ನೋಡಬೇಕು ಅಂತ ಕಾಯ್ದೆಯಲ್ಲಿದೆ. ನಮ್ಮದು ಅದಕ್ಕಿಂತ ಎಷ್ಟೋ ಜಾಸ್ತಿ ಎಳೆಯಿತು. ಪುಣ್ಯಕ್ಕೆ ಮಧ್ಯಂತರ ಆದೇಶ ಬೇಗ ಸಿಕ್ಕಿತು. ಅದನ್ನು ಮೀರಿದರೆ 1 ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಇದು ಗೊತ್ತಾದ ಮೇಲೆ ಭಾವನ ಫೋನ್ ಕರೆ ನಿಂತವು.

ಆದೇಶದ ಪ್ರತಿಯನ್ನು ಕೋರ್ಟೇ ಠಾಣೆಗೆ ಕಳಿಸುತ್ತದೆ. ಇನ್ನೊಂದನ್ನು ನಾವೇ ಮಕ್ಕಳ ಶಾಲೆಗೆ ಕೊಟ್ಟೆವು. ಶಾಲೆಯ ಹತ್ತಿರ ಅವರು ಬರಬಾರದು ಅಂತಲೂ ಅದರಲ್ಲಿತ್ತು. ಗೇಟಿನಲ್ಲಿ ನಿಲ್ಲುವವರಿಗೆ ಅದು ಗೊತ್ತಿರಬೇಕಲ್ಲ.