ನೋವಿಲ್ಲ ಎಂದವರ ಬೂಟು

"ನೋವೇನೂ ಇಲ್ಲಮ್ಮ. ಆಣಿ ಸ್ವಲ್ಪ ಕೆತ್ತಿಕೊಟ್ಟರೆ ಸಾಕು" ಎಂದರು ಅವರು.

ನವೆಂಬರ್ ತಿಂಗಳ ಒಂದು ಮಧ್ಯಾಹ್ನ. ಗ್ಲಾಸ್ಗೋದಲ್ಲಿ ಆಗ ನಾಲ್ಕು ಗಂಟೆಗೆಲ್ಲ ಕತ್ತಲು. ನಾನು ಪೋಡಿಯಾಟ್ರಿ ಓದುತ್ತಿರುವ ಮೂರನೇ ವರ್ಷ. ಪೋಡಿಯಾಟ್ರಿ ಅಂದರೆ ಪಾದದ ಚಿಕಿತ್ಸೆ. ಸ್ಕಾಟ್ಲೆಂಡ್‌ನಲ್ಲಿ ಇದು ನಾಲ್ಕು ವರ್ಷದ ಪದವಿ. ಅದರಲ್ಲಿ ಸುಮಾರು 1000 ಗಂಟೆ ಕ್ಲಿನಿಕ್‌ನಲ್ಲೇ ಕಳೆಯಬೇಕು. ಟ್ಯೂಟರ್ ಪಕ್ಕದಲ್ಲೇ ಇರುತ್ತಾರೆ, ಆದರೆ ರೋಗಿಯ ಪಾದ ಇರುವುದು ನಮ್ಮ ಕೈಯಲ್ಲಿ.

ಆ ಹಿರಿಯರು ಕ್ಲೈಡ್ ನದಿಯ ದಂಡೆಯಲ್ಲಿ ಹಡಗು ಕಟ್ಟುವ ಕಡೆ ವೆಲ್ಡರ್ ಆಗಿದ್ದವರು. ಶುಗರ್ ಬಂದು ಇಪ್ಪತ್ತು ವರ್ಷ ಮೇಲಾಗಿತ್ತು. ನಾನು "ನೋವಿದೆಯಾ?" ಎಂದು ಕೇಳಿದೆ. ಇಲ್ಲ ಎಂದರು. ಹಾಗೇ ಬರೆದುಕೊಂಡೆ. ಕಾಲುಚೀಲ ತೆಗೆಯುವಾಗ ಅಡಿಯಲ್ಲಿ ನಾಣ್ಯದಷ್ಟು ಅಗಲದ ಕಂದು ಕಲೆ ಕಾಣಿಸಿತು. ಕೊಳೆ ಇರಬೇಕು ಅಂದುಕೊಂಡು ಮಡಚಿ ಪಕ್ಕಕ್ಕಿಟ್ಟೆ.

ಆಮೇಲೆ ಮಾನೋಫಿಲಮೆಂಟ್ ಕೈಗೆತ್ತಿಕೊಂಡೆ. ನೋಡಲು ಬ್ರಷ್ಷಿನ ಒಂದೇ ಒಂದು ಎಳೆಯ ಹಾಗಿರುವ ನೈಲಾನ್ ತಂತು ಅದು. ಚರ್ಮಕ್ಕೆ ಒತ್ತಿದರೆ ಸರಿಯಾಗಿ 10 ಗ್ರಾಂ ಭಾರಕ್ಕೆ ಬಾಗುತ್ತದೆ. ಅಷ್ಟು ಒತ್ತಿದ್ದೂ ಗೊತ್ತಾಗದಿದ್ದರೆ ಶುಗರ್‌ನಿಂದ ನರಗಳು ಮಂಕಾಗಿ ಕಾಲಿಗೆ ನೋವೆಂಬ ಕಾವಲು ತಪ್ಪಿದೆ ಎಂದರ್ಥ. ಅವರು ಕಣ್ಣು ಮುಚ್ಚಿಕೊಂಡರು. ನಾನು ಹೆಬ್ಬೆರಳಿನ ಬುಡದಲ್ಲಿದ್ದ ಆಣಿಯ ಮೇಲೇ ಒತ್ತಿದೆ. ಟ್ಯೂಟರ್ ಮೆಲ್ಲಗೆ ನನ್ನ ಕೈ ಹಿಡಿದು ಪಕ್ಕದ ಮೆತ್ತನೆ ಚರ್ಮಕ್ಕೆ ಸರಿಸಿದರು. ದಪ್ಪಗಟ್ಟಿದ ಚರ್ಮದ ಮೇಲೆ ಪರೀಕ್ಷೆ ಮಾಡಿದರೆ ಲೆಕ್ಕಕ್ಕಿಲ್ಲ. ಅದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕೈಗೆ ಮಾತ್ರ ಇನ್ನೂ ಬಂದಿರಲಿಲ್ಲ.

ಎಲ್ಲಿ ಮುಟ್ಟಿದರೂ ಅವರಿಂದ ಮಾತಿಲ್ಲ. ಹರಡಿನ ಹತ್ತಿರ ಬಂದಾಗ ಮಾತ್ರ "ಹಾಂ, ಈಗ" ಎಂದರು.

"ಬೂಟು ನೋಡಿದೆಯಾ?" ಎಂದು ಕೇಳಿದರು ಟ್ಯೂಟರ್.

ನೋಡಿರಲಿಲ್ಲ. ಬಲಗಾಲಿನ ಬೂಟು ಎತ್ತಿಕೊಂಡು ಒಳಗೆ ಕೈ ಹಾಕಿದೆ. ಬೆರಳ ತುದಿಗೆ ಚುಚ್ಚಿತು. ಅಡಿಯಿಂದ ತೂರಿ ಬಂದ ಒಂದು ಸ್ಕ್ರೂ, ಒಳಗೆ ಅಕ್ಕಿ ಕಾಳಿನಷ್ಟು ಮೊನೆ ತೋರಿಸುತ್ತಿತ್ತು. ಶುಕ್ರವಾರ ಮೊಮ್ಮಗನ ಮಂಚ ಜೋಡಿಸಿದ್ದರಂತೆ. ಅಂದಿನಿಂದ ಅದೇ ಬೂಟು ಹಾಕಿಕೊಂಡು ಅಂಗಡಿಗೆ ಹೋಗಿದ್ದಾರೆ, ಬಸ್ ಹತ್ತಿದ್ದಾರೆ, ನಮ್ಮ ಕ್ಲಿನಿಕ್‌ಗೂ ನಡೆದು ಬಂದಿದ್ದಾರೆ. ನಾಲ್ಕು ದಿನ!

ಆಣಿಯ ನಡುವೆ ಒಂದು ಕಪ್ಪು ಚುಕ್ಕೆ ಇತ್ತು. ಸ್ಕಾಲ್ಪೆಲ್ ಹಿಡಿದು ಪದರ ಪದರವಾಗಿ ಕೆತ್ತುತ್ತಾ ಹೋದೆ. ಎಡಗೈ ಹೆಬ್ಬೆರಳಿನಿಂದ ಚರ್ಮ ಬಿಗಿಯಾಗಿ ಎಳೆದು ಹಿಡಿಯಬೇಕು, ಬ್ಲೇಡು ಹೆಚ್ಚುಕಡಿಮೆ ಮಲಗಿದ ಹಾಗಿರಬೇಕು, ಉಸಿರು ನಿಧಾನ. ಈರುಳ್ಳಿ ಸಿಪ್ಪೆಯಂಥ ಚೂರುಗಳು ಬಿದ್ದವು. ಕಪ್ಪು ಕೆಂಪಾಯಿತು, ಮೇಲಿನ ಮುಚ್ಚಳ ತೆರೆದುಕೊಂಡಿತು, ಕೆಳಗೆ ಹಸಿ ಗಾಯ ಕಾಣಿಸಿತು. ಟ್ಯೂಟರ್ ಸಣ್ಣ ಕಡ್ಡಿಯಿಂದ ಆಳ ನೋಡಿದರು. ಮೂಳೆ ತಗುಲಲಿಲ್ಲ. ನನ್ನ ಜೀವ ಬಂದಂತಾಯಿತು. ಅವತ್ತೇ ಆಸ್ಪತ್ರೆಯ ಪಾದ ತಂಡಕ್ಕೆ ಫೋನ್ ಮಾಡಿದೆವು. ಸೋಂಕು ಒಳಗಿಳಿಯಲು ಇಂಥ ಕಾಲಿಗೆ ಹೆಚ್ಚು ಸಮಯ ಬೇಕಾಗುವುದಿಲ್ಲ.

ಅಷ್ಟೆಲ್ಲ ಕೆತ್ತುವಾಗಲೂ ಅವರು ನನ್ನ ಜೊತೆ ಫುಟ್‌ಬಾಲ್ ಬಗ್ಗೆ ಮಾತಾಡುತ್ತಿದ್ದರು. ಗಾಯ ನೋಡಿ ನನ್ನ ಹೊಟ್ಟೆ ತೊಳಸಲಿಲ್ಲ. ಆ ಮಾತು ಕೇಳಿ ತೊಳಸಿತು.

ಯಾಕೆಂದರೆ ನನಗೆ ನಮ್ಮ ಅಜ್ಜ ನೆನಪಾದರು. ಹಿರಿಯೂರು ಕಡೆಯ ಹೊಲ, ಎಲ್ಲಿ ನೋಡಿದರೂ ಜಾಲಿ. ಅಜ್ಜನ ಹವಾಯಿ ಚಪ್ಪಲಿಗೆ ಮುಳ್ಳು ತೂರಿ, ಎರಡು ದಿನ ಅದನ್ನೇ ಮೆಟ್ಟಿ ಓಡಾಡಿದ್ದರು. "ಕಾಲು ಯಾಕೋ ಜೋಮು" ಎನ್ನುತ್ತಿದ್ದರು, ಅಷ್ಟೇ. ಅಜ್ಜಿ ಅರಿಶಿನ ಹಚ್ಚಿದ್ದಳು. ಕೊನೆಗೆ ಒಂದು ಬೆರಳು ತೆಗೆಯಬೇಕಾಯಿತು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಈ ಓದಿಗೆ ಬಂದದ್ದು ಆ ಮುಳ್ಳಿನಿಂದಲೇ. ಊರಲ್ಲಿ ಕೆಲವರು ಕೇಳಿದ್ದುಂಟು, ಕಾಲು ಹಿಡಿಯೋಕೆ ಅಷ್ಟು ದೂರ ಹೋಗ್ಬೇಕಿತ್ತಾ ಅಂತ. ಹೋಗಬೇಕಿತ್ತು.

ಬೆರಳು ಹೋದ ಮೇಲೆ ಅಜ್ಜನಿಗೆ ದಾವಣಗೆರೆಯ ಡಾಕ್ಟರು ಎಂಸಿಆರ್ ಚಪ್ಪಲಿ ಬರೆದುಕೊಟ್ಟಿದ್ದರು. ಮೆತ್ತನೆ ಕಪ್ಪು ರಬ್ಬರು. ಅಜ್ಜ ಅದನ್ನು ಸ್ಪಂಜಿನ ಚಪ್ಪಲಿ ಎನ್ನುತ್ತಿದ್ದರು. ಗ್ಲಾಸ್ಗೋದ ಕ್ಲಾಸಿನಲ್ಲಿ ಒಂದು ದಿನ ಪರದೆಯ ಮೇಲೆ ಅದೇ ಚಪ್ಪಲಿ! ಡಾಕ್ಟರ್ ಪಾಲ್ ಬ್ರ್ಯಾಂಡ್ ಬಗ್ಗೆ ಪಾಠ ನಡೆಯುತ್ತಿತ್ತು. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದವರು. 1946ರಿಂದ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ನಡುವೆ ಕೆಲಸ ಮಾಡಿದರು. ಬೆರಳುಗಳು ರೋಗದಿಂದ ತಾವಾಗೇ ಉದುರುತ್ತವೆ ಎಂದು ಜನ ನಂಬಿದ್ದ ಕಾಲ ಅದು. ಹಾಗಲ್ಲ, ನೋವು ಗೊತ್ತಾಗದೆ ಮತ್ತೆ ಮತ್ತೆ ಪೆಟ್ಟು, ಸುಟ್ಟ ಗಾಯ ಆಗಿ ಕೈಕಾಲು ಹಾಳಾಗುತ್ತವೆ ಎಂದು ಅವರು ತೋರಿಸಿಕೊಟ್ಟರು. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಮೆತ್ತನೆ ರಬ್ಬರಿನ ಚಪ್ಪಲಿ ಬಂದದ್ದು ಆ ಕೆಲಸದಿಂದ. ಮುಂದೆ ಅವರು ಅಮೆರಿಕಕ್ಕೆ ಹೋದಾಗ ಅದೇ ತಿಳುವಳಿಕೆ ಶುಗರ್ ಇರುವವರ ಪಾದಕ್ಕೂ ನೆರವಾಯಿತು. ನನ್ನ ಪಕ್ಕ ಕೂತಿದ್ದ ಹುಡುಗಿಗೆ "ಇದು ನಮ್ಮಜ್ಜನ ಚಪ್ಪಲಿ" ಎಂದು ಪಿಸುಗುಟ್ಟಿದೆ. ಹೆಮ್ಮೆಗೋ ಏನೋ, ಕಣ್ಣು ತುಂಬಿತು.

ಇರಲಿ. ಅವತ್ತು ಕ್ಲಿನಿಕ್ ಮುಗಿದ ಮೇಲೆ ಟ್ಯೂಟರ್ ನನ್ನ ಟಿಪ್ಪಣಿ ತೆರೆದು, "ನೋವಿಲ್ಲ" ಎಂಬ ಸಾಲಿನ ಮೇಲೆ ಬೆರಳಿಟ್ಟರು. "ಇಂಥವರಲ್ಲಿ ಇದು ಸಮಾಧಾನದ ಸಾಲಲ್ಲ, ಭಯದ ಸಾಲು" ಎಂದರು. ಬೈಯಲಿಲ್ಲ. ಬೈದಿದ್ದರೆ ಬೇಗ ಮರೆಯುತ್ತಿದ್ದೆನೇನೋ. ಇನ್ನೂ ಒಂದೂವರೆ ವರ್ಷ ಓದಿ, ಆಮೇಲೆ ಇಲ್ಲಿನ ಅಧಿಕೃತ ರಿಜಿಸ್ಟರ್‌ನಲ್ಲಿ ಹೆಸರು ಸೇರಿದರೆ ಮಾತ್ರ ನಾನು ಪೋಡಿಯಾಟ್ರಿಸ್ಟ್ ಎಂದು ಹೇಳಿಕೊಳ್ಳಬಹುದು. ಸೇರದೆ ಹೇಳಿಕೊಂಡರೆ ಕಾನೂನು ಪ್ರಕಾರ ಅಪರಾಧ. ಆ ಕಾನೂನು ಯಾಕೆ ಬೇಕು ಎಂದು ನನಗೆ ಆ ಸ್ಕ್ರೂ ಕಲಿಸಿತು.

ರೂಮಿಗೆ ಬಂದವಳೇ ಮನೆಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ರಾತ್ರಿ ಹತ್ತೂವರೆ. ಅಪ್ಪನಿಗೂ ಹನ್ನೆರಡು ವರ್ಷದಿಂದ ಶುಗರ್ ಇದೆ.

"ಅಪ್ಪ, ಚಪ್ಪಲಿ ಹಾಕ್ಕೊಳ್ಳೋ ಮೊದಲು ಒಳಗೆ ಕೈಯಾಡಿಸಿ ನೋಡ್ತೀರಾ?"

"ನಂಗೇನಾಗಿದೆ? ಒಂದು ಚೂರೂ ನೋವಿಲ್ಲ" ಎಂದರು ಅಪ್ಪ.

ಅಮ್ಮನನ್ನು ಕರೆದೆ. ಇಪ್ಸ್‌ವಿಚ್ ಟಚ್ ಟೆಸ್ಟ್ ಅಂತ ಒಂದಿದೆ, ಯಾವ ಸಾಮಾನೂ ಬೇಡ, ಬೆರಳ ತುದಿ ಸಾಕು. ಅಪ್ಪನನ್ನು ಮಂಚದ ಮೇಲೆ ಮಲಗಿಸಿ ಕಣ್ಣು ಮುಚ್ಚಿಕೊಳ್ಳಲು ಹೇಳಿದೆ. ಅಮ್ಮ ಒಂದೊಂದೇ ಕಾಲ್ಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು. ಮುಟ್ಟಿದ್ದು ಗೊತ್ತಾದಾಗ ಅಪ್ಪ ಬಲ ಅಥವಾ ಎಡ ಎನ್ನಬೇಕು. ಒಟ್ಟು ಆರು ಬೆರಳು. ಎರಡು ತಪ್ಪಿದರೆ ಡಾಕ್ಟರ ಹತ್ತಿರ ಹೋಗಲೇಬೇಕು.

ಬಲಗಾಲಿನ ಹೆಬ್ಬೆರಳು. "ಬಲ."

ಬಲಗಾಲಿನ ಕಿರುಬೆರಳು. ಸ್ವಲ್ಪ ತಡೆದು, "ಬಲ."

ಎಡಗಾಲಿನ ಹೆಬ್ಬೆರಳು. "ಎಡ."

ಎಡಗಾಲಿನ ಕಿರುಬೆರಳು. ಅಮ್ಮ ಮುಟ್ಟಿದಳು. ಫೋನಿನ ಕಡೆ ತಿರುಗಿ ನನ್ನ ಮುಖ ನೋಡಿದಳು.

"ಯಾಕೆ, ನಿಲ್ಲಿಸಿಬಿಟ್ಯಾ?" ಎಂದರು ಅಪ್ಪ, ಕಣ್ಣು ಮುಚ್ಚಿಕೊಂಡೇ.